ಮೂರು ಕೈಗಳ ಲೇಬಲ್

ಕಳೆದ ವಾರ ಬೊರಿವಲಿ ಸ್ಟೇಷನ್ನಿನ ಹೊರಗೆ ನನ್ನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಮಳೆಗಾಲದಲ್ಲಿ ಚಪ್ಪಲಿ ಕೈಕೊಡುವುದು ಮುಂಬಯಿಯಲ್ಲಿ ಹೊಸದೇನಲ್ಲ. ಆದರೆ ನನ್ನ ಚಪ್ಪಲಿಗಳಿಗೆ ನನಗೆ ಅವಸರವಿರುವ ದಿನ ಯಾವುದೆಂದು ಗೊತ್ತಾಗಿಬಿಡುತ್ತದೆ. ಮೋಚಿಯ ಪ್ಲಾಸ್ಟಿಕ್ ಮಾಡಿನ ಕೆಳಗೆ ಒಂಟಿ ಕಾಲಲ್ಲಿ ನಿಂತು ಗೊಣಗುತ್ತಿದ್ದೆ. ಅವನು ಸಣ್ಣ ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ರಬ್ಬರ್ ಸೊಲ್ಯೂಷನ್ನಿನ ಅಂಟು ಬಳಿದ. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನನ್ನ ಗೊಣಗಾಟ ನಿಂತುಹೋಯಿತು. ಎಷ್ಟೋ ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಅದೇ ವಾಸನೆಯನ್ನು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಘಾಟ್ಕೋಪರಿನಲ್ಲಿದ್ದೆವು. ಮೈಸೂರು ಕಡೆಯಿಂದ ಬಂದ ಅಪ್ಪನಿಗೆ ಬ್ಯಾಂಕಿನ ಕೆಲಸ, ಅಮ್ಮನಿಗೆ ಬಿಲ್ಡಿಂಗಿನ ಎಲ್ಲ ಮನೆಗಳ ಸುದ್ದಿಯ ಕೆಲಸ. ನಾನು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕೋರ್ಸು ಮುಗಿಸಿ, ಆ ಮಷೀನುಗಳನ್ನು ಮಾರುವ ಒಂದು ಏಜೆನ್ಸಿಯಲ್ಲಿ ಸೇರಿದ್ದೆ. ಮಷೀನು ಕೊಂಡವರಿಗೆ ಅದನ್ನು ಕಲಿಸಿಕೊಡುವುದು ನನ್ನ ಪಾಲಿನ ಕೆಲಸ. ನನ್ನನ್ನು ಮೊದಲು ಕಳಿಸಿದ್ದು ವಿಕ್ರೋಳಿಯ ಒಂದು ಕಾರ್ಖಾನೆಗೆ. ಎಣ್ಣೆ, ಸಾಬೂನು, ಪೌಡರ್ ತಯಾರಿಸುವ ಕಂಪನಿ ಅದು. ಬಾಟಲಿಗೆ ಅಂಟಿಸುವ ಲೇಬಲ್ಲು, ಸಾಬೂನಿಗೆ ಸುತ್ತುವ ಕಾಗದ ಎಲ್ಲ ಅಲ್ಲಿಯ ಆರ್ಟ್ ಡಿಪಾರ್ಟ್‌ಮೆಂಟಿನಲ್ಲೇ ತಯಾರಾಗುತ್ತಿದ್ದವು. ಮನೆಯಿಂದ ಒಂದೇ ಸ್ಟೇಷನ್ ದೂರ. ಲೋಕಲ್‌ನಲ್ಲಿ ಕೂತುಕೊಳ್ಳುವ ಆಸೆ ಹುಟ್ಟುವ ಮೊದಲೇ ಇಳಿಯಬೇಕಿತ್ತು.

ಡಿಪಾರ್ಟ್‌ಮೆಂಟಿನಲ್ಲಿ ಮೂವರೇ ಇದ್ದರು. ಹಳೆಯ ಹೆಡ್ ಆರ್ಟಿಸ್ಟ್ ಧಾರವಾಡದ ಕಡೆಯವರಂತೆ. ಕನ್ನಡ ಬರುವವರನ್ನೇ ಹುಡುಕಿ ತಂದಿಟ್ಟುಕೊಂಡು, ತಾವು ರಿಟೈರಾಗಿ ಹೋಗಿದ್ದರು. ಮೂವರಲ್ಲಿ ಹಿರಿಯರು ಮಕ್ತುಮ್ ಸಾಹೇಬರು, ವಿಜಾಪುರದ ಕಡೆಯವರು. ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ. ವಯಸ್ಸು ಐವತ್ತು ದಾಟಿತ್ತು. ಎರಡನೆಯವರು ಶೆಟ್ಟಿಗಾರರು, ಉಡುಪಿ ಕಡೆಯವರು, ಯಾವ ಮಾತಿಗೂ ನಗದವರು, ಆದರೆ ನಮ್ಮನ್ನು ನಗಿಸುವವರು. ಮೂರನೆಯವನು ವಿಜಯ್. ಅಪ್ಪ ಅಮ್ಮ ಬೆಂಗಳೂರಿನವರಾದರೂ ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮೂವತ್ತರ ಹತ್ತಿರವಿದ್ದ. ಅವನ ಕನ್ನಡ ಎರಡು ಹೆಜ್ಜೆಗೊಮ್ಮೆ ಹಿಂದಿಯ ಕೈ ಹಿಡಿದುಕೊಳ್ಳುತ್ತಿತ್ತು.

ಅವರು ಕೆಲಸ ಮಾಡುವ ರೀತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಮೇಜಿನ ಈ ತುದಿಯಲ್ಲಿ ಶೆಟ್ಟಿಗಾರರು ಲೇಬಲ್ಲಿನ ಚೌಕಟ್ಟು, ಪಟ್ಟಿ, ನೇರ ಗೆರೆಗಳನ್ನೆಲ್ಲ ಇಂಕಿನಲ್ಲಿ ಎಳೆಯುವರು. ಹಾಳೆ ಮಧ್ಯಕ್ಕೆ ಜಾರುತ್ತದೆ. ಅಲ್ಲಿ ಸಾಹೇಬರು ಬಾಗಿದ್ದೆಲ್ಲವನ್ನೂ ಎಳೆಯುವರು, ಅಂದರೆ ರಿಬ್ಬನ್ನು, ಬಳ್ಳಿ, ಹೆಸರಿನ ಕೆಳಗಿನ ಅಲೆ. ಹಾಳೆ ಆ ತುದಿಗೆ ಜಾರಿದರೆ ವಿಜಯ್ ಹೂವು, ಎಲೆ, ನಕ್ಷತ್ರ ಬಿಡಿಸಿ, ಅಚ್ಚಾಗಿ ಬಂದ ಅಕ್ಷರಗಳ ತುಂಡುಗಳನ್ನು ರಬ್ಬರ್ ಸೊಲ್ಯೂಷನ್‌ನಲ್ಲಿ ಅಂಟಿಸಿ, ಹೆಚ್ಚಾದದ್ದನ್ನು ಬೆರಳಿನಿಂದ ಉಂಡೆ ಮಾಡಿ ಎತ್ತುವನು. ಒಬ್ಬನೇ ಕೂತು ಪೂರ್ತಿ ಮಾಡಿದ ಲೇಬಲ್ಲು ಆ ಕೋಣೆಯಲ್ಲಿ ಒಂದೂ ಇರಲಿಲ್ಲ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಸಾಹೇಬರು ರಜೆ ಹಾಕಿದರೆ ಹಾಳೆ ಮಧ್ಯದಲ್ಲೇ ಅವರಿಗಾಗಿ ಕಾಯುತ್ತಿತ್ತು.

ಮಷೀನುಗಳು ಬಂದದ್ದು ಎರಡು. ಅವುಗಳಿಗಾಗಿ ಕೋಣೆಯ ಮೂಲೆಯಲ್ಲಿ ಗಾಜಿನ ಗೂಡು ಕಟ್ಟಿ ಏಸಿ ಹಾಕಿದ್ದರು. ಒಳಗೆ ಹೋಗುವಾಗ ಎಲ್ಲರೂ ಚಪ್ಪಲಿ ಬಿಡಬೇಕು. ಮೊದಲ ದಿನ ಶೆಟ್ಟಿಗಾರರು ಮಾನಿಟರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆಯಲು ನೆಲ ನೋಡಿದರು. ನೀರು ಒಳಗೆ ಹೋದರೆ ಕೆಡುತ್ತದೆಂದು ನಾನು ತಡೆದೆ.

"ಇದು ಒಳ್ಳೆ ದೇವರು ಮಾರಾಯ್ತಿ," ಅಂದರು ಅವರು. "ಚಪ್ಪಲಿ ತೆಗೆಸ್ತದೆ, ಕಾಯಿ ಬೇಡ ಹೇಳ್ತದೆ."

ಶೆಟ್ಟಿಗಾರರಿಗೆ ಕಲಿಸುವುದು ಸುಲಭ ಅಂದುಕೊಂಡಿದ್ದೆ. ಚೌಕ ಬೇಕಾದರೆ ಚೌಕದ ಗುರುತು ಒತ್ತಿ ಎಳೆದರಾಯಿತು. ಆದರೆ ಅವರು ಕಾಗದದ ಮೇಲೆ ಮಾಡಿದಂತೆ ನಾಲ್ಕು ಗೆರೆಗಳನ್ನು ಬೇರೆಬೇರೆ ಎಳೆದು, ಮೂಲೆಗೆ ಮೂಲೆ ತಾಗಿಸಿ ಕೈಕಟ್ಟಿ ಕೂತರು. ಬಣ್ಣ ತುಂಬಿ ಅಂದೆ. ತುಂಬಲಿಲ್ಲ. ನಾಲ್ಕು ಗೋಡೆ ಹತ್ತಿರ ಬಂದು ನಿಂತ ಮಾತ್ರಕ್ಕೆ ಮನೆಯಾಗುವುದಿಲ್ಲ, ಗೆರೆ ಶುರುವಾದ ಬಿಂದುವಿಗೇ ಬಂದು ಸೇರಿ ಮುಚ್ಚಿಕೊಂಡರೆ ಮಾತ್ರ ಒಳಗೆ ಬಣ್ಣ ನಿಲ್ಲುತ್ತದೆ ಎಂದು ತಿಳಿಸುವುದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ತಿಳಿದ ಮೇಲೆ ಅವರು ತಿರುಗಿ ನೋಡಲಿಲ್ಲ. ವಿಜಯ್‌ಗಂತೂ ನಾನು ತೋರಿಸುವ ಮೊದಲೇ ಬಂದುಬಿಡುತ್ತಿತ್ತು. ಒಂದು ಎಲೆ ಮಾಡಿ ಅದನ್ನೇ ತಿರುಗಿಸಿ ತಿರುಗಿಸಿ ಇಡೀ ದಾಸವಾಳ ಮಾಡಿ ತೋರಿಸಿದ ದಿನ, ಇವನಿಗೆ ಕಲಿಸಲು ನನ್ನ ಹತ್ತಿರ ಇನ್ನೆಷ್ಟು ಉಳಿದಿದೆ ಎಂದು ನಾನೇ ಲೆಕ್ಕ ಹಾಕಿ ಗಾಬರಿಯಾಗಿದ್ದೆ.

ನಾನು ಸೋತದ್ದು ಮಕ್ತುಮ್ ಸಾಹೇಬರ ಹತ್ತಿರ. ಅವರು ಗೆರೆ ಎಳೆಯುವಾಗ ಕೈ ತಿರುಗಿಸುತ್ತಿರಲಿಲ್ಲ, ಕಾಗದ ತಿರುಗಿಸುತ್ತಿದ್ದರು. ಎಡಗೈ ಹಾಳೆಯನ್ನು ನಿಧಾನ ತಿರುಗಿಸುತ್ತ ಹೋದಂತೆ ಬಲಗೈಯ ನಿಬ್ಬು ನಿಂತಲ್ಲೇ ನಿಂತು ಬಳ್ಳಿ ಹೊರಬರುತ್ತಿತ್ತು. ಇಲ್ಲಿ ಅವರು ಮೌಸನ್ನು ಹಿಡಿದು, ಎಡಗೈಯಿಂದ ಅದರ ಕೆಳಗಿನ ಪ್ಯಾಡನ್ನು ತಿರುಗಿಸತೊಡಗಿದರು. ಪರದೆಯ ಮೇಲಿನ ಬಾಣ ಎಲ್ಲೋ ಹೊರಟುಹೋಯಿತು. ಪ್ಯಾಡನ್ನು ಮೇಜಿಗೆ ಟೇಪ್ ಹಚ್ಚಿ ಅಂಟಿಸಿದೆ. ಮರುದಿನ ನೋಡಿದರೆ ಸಾಹೇಬರು ಮಾನಿಟರನ್ನೇ ಎರಡೂ ಕೈಯಲ್ಲಿ ಹಿಡಿದು ವಾಲಿಸುತ್ತಿದ್ದರು. ನಾನು ಓಡಿಹೋಗಿ ಹಿಡಿದುಕೊಂಡೆ. ವಿಜಯ್ ನಗುವುದಕ್ಕೆಂದು ಗಾಜಿನ ಗೂಡಿನಿಂದ ಹೊರಗೆ ಹೋದ.

ಬಾಗಿದ ಗೆರೆ ಎಳೆಯುವ ಸಾಧನಕ್ಕೆ ಪೆನ್ ಎಂದೇ ಹೆಸರು, ಆದರೆ ಅದು ಪೆನ್ನಿನಂತೆ ಬರೆಯುವುದಿಲ್ಲ. ಇಲ್ಲೊಂದು ಬಿಂದು, ಅಲ್ಲೊಂದು ಬಿಂದು ಇಟ್ಟರೆ ನಡುವೆ ಗೆರೆ ತಾನೇ ಬರುತ್ತದೆ. ಬಿಂದುವನ್ನು ಒತ್ತಿ ಎಳೆದರೆ ಅದರಿಂದ ಎರಡು ಕಡ್ಡಿಗಳು ಹೊರಡುತ್ತವೆ. ಶೆಟ್ಟಿಗಾರರು ಅವಕ್ಕೆ ಮೀಸೆ ಎಂದು ಹೆಸರಿಟ್ಟರು, ಮೂವರಿಗೂ ಅದೇ ಬಾಯಿಗೆ ಬಂತು. ಮೀಸೆಯ ತುದಿ ಹಿಡಿದು ಜಗ್ಗಿದರೆ ಗೆರೆ ಬಾಗುತ್ತದೆ. ಸಾಹೇಬರಿಗೆ ಈ ಮೀಸೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಬಿಂದುವಿನ ಪಕ್ಕ ಬಿಂದು, ಅದರ ಪಕ್ಕ ಇನ್ನೊಂದು, ಹೀಗೆ ಇರುವೆ ಸಾಲಿನಂತೆ ಇಟ್ಟುಕೊಂಡು ಹೋಗುವರು. ಪರದೆಯ ಮೇಲೆ ಬಳ್ಳಿಯಂತೆ ಕಾಣುತ್ತಿದ್ದದ್ದು ಅಚ್ಚಿಗೆಂದು ಫಿಲ್ಮ್ ತೆಗೆಯುವಾಗ ಕುಂಟುಕುಂಟಾಗಿ ಬರುತ್ತಿತ್ತು. ಕೆಲವೊಮ್ಮೆ ಮಷೀನು ಅಷ್ಟು ಬಿಂದುಗಳನ್ನು ನುಂಗಲಾರದೆ ನಿಂತೇಬಿಡುತ್ತಿತ್ತು.

"ಸಾಹೇಬ್ರೇ, ಒಂದು ಬಾಗಿಗೆ ಎರಡೇ ಬಿಂದು ಸಾಕು. ಮಿಕ್ಕಿದ್ದನ್ನ ತೆಗೆದುಹಾಕಿ," ಎನ್ನುತ್ತಿದ್ದೆ.

"ತೆಗೀರಿ ಅಂತೀರಿ. ಗೆರಿ ಇಲ್ಲೈತಿ, ನಾ ಅಲ್ಲೆಲ್ಲೋ ಗಾಳ್ಯಾಗ ಹಿಡದು ಜಗ್ಗಬೇಕು. ಇದ್ಯಾವ ನ್ಯಾಯಾರೀ ಮೇಡಂ?"

ಇನ್ನೂ ಒಂದು ತೊಡಕಿತ್ತು. ಎಳೆದ ಗೆರೆಯನ್ನು ಮತ್ತೆ ತಿದ್ದಬಹುದು ಎಂಬುದೇ ಅವರ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಇಂಕಿನಲ್ಲಿ ತಪ್ಪಾದರೆ ಹಾಳೆ ಹರಿದು ಹೊಸದು ಹಿಡಿಯುವ ಅಭ್ಯಾಸ ಅವರದು. ಇಲ್ಲಿಯೂ ಬಿಂದು ಒಂದು ಕೂದಲೆಳೆ ಪಕ್ಕಕ್ಕೆ ಹೋದರೆ, ಅದನ್ನು ಸರಿಸಿ ಮುಂದೆ ಹೋಗುವ ಬದಲು ಇಡೀ ಬಳ್ಳಿಯನ್ನೇ ಅಳಿಸಿ ಮೊದಲಿನಿಂದ ಶುರು ಮಾಡುವರು. ಸಂಜೆಯ ಹೊತ್ತಿಗೆ ಪರದೆ ಬೆಳಿಗ್ಗೆ ಇದ್ದಷ್ಟೇ ಸ್ವಚ್ಛವಾಗಿರುತ್ತಿತ್ತು. ಸಾಹೇಬರು ಮಾತ್ರ ದಣಿದಿರುತ್ತಿದ್ದರು.

ಶ್ರಾವಣ ಶುರುವಾದ ಮೇಲೆ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಅವರು ಕೆಟ್ಟವರಲ್ಲ. ಚಹಾ ತರಿಸಿ, ಮನೆಯವರನ್ನೆಲ್ಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು. ಮಷೀನು ಎರಡು, ಕುರ್ಚಿ ಎರಡು. ಗಣಪತಿ ಹಬ್ಬದ ಮೊದಲು ಮೂವರಿಗೂ ಒಂದೇ ಲೇಬಲ್ಲು ಕೊಟ್ಟು ಪರೀಕ್ಷೆ ಮಾಡಬೇಕು. ಹಿಂದುಳಿದವರನ್ನು ಗೋಡೌನಿಗೆ ಹಾಕುತ್ತಾರೆ. ಸಂಬಳಕ್ಕೆ ಏನೂ ತೊಂದರೆಯಿಲ್ಲ, ಪೆಟ್ಟಿಗೆಗಳನ್ನು ನೋಡಿಕೊಂಡಿದ್ದರಾಯಿತು. ಹೀಗೆಂದು ಅವರು ನನ್ನನ್ನೇ ಸಮಾಧಾನಪಡಿಸುವಂತೆ ಹೇಳಿದರು. ಯಾರು ಹಿಂದುಳಿಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬದುಕೆಲ್ಲ ಬಳ್ಳಿ ಎಳೆದ ಮನುಷ್ಯ ಪೆಟ್ಟಿಗೆಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತದ್ದು ಆಗಲೇ ಕಣ್ಣಿಗೆ ಕಂಡು, ಸಂಕಟವಾಯಿತು.

ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾರ್ಖಾನೆಯಲ್ಲಿ ಕ್ಯಾಬಿನ್ನಿನ ಮಾತು ಚಹಾದ ಲೋಟಕ್ಕಿಂತ ಮೊದಲೇ ಹೊರಗೆ ಬಂದಿರುತ್ತದೆ. ಮರುದಿನದಿಂದ ಸಾಹೇಬರು ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಗಾಜಿನ ಗೂಡಿನೊಳಗೆ ಕೂತಿರುತ್ತಿದ್ದರು.

ಆ ತಿಂಗಳು ಒಂದು ದಿನ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾಯಿತು. ಕರೆಂಟೂ ಹೋಯಿತು. ನಾವು ನಾಲ್ವರೂ ಉದ್ದ ಮೇಜಿನ ಸುತ್ತ ಶೆಟ್ಟಿಗಾರರ ಡಬ್ಬಿಯ ಅವಲಕ್ಕಿ ಹಂಚಿಕೊಂಡು ಕೂತೆವು. ಬೇರೆ ಕೆಲಸವಿಲ್ಲದೆ ವಿಜಯ್ ಸಂಕ್ರಾಂತಿಗೆ ತನ್ನ ಚಾಳಿನ ವಠಾರದ ಮಾಳಿಗೆಯಲ್ಲಿ ಗಾಳಿಪಟ ಹಾರಿಸುವ ಕತೆ ತೆಗೆದ. ಸಾಹೇಬರು ಅವನ ತಪ್ಪು ತಿದ್ದಿದರು. ದಾರವನ್ನು ಪಟದ ಕಡೆಗೆ ನೋಡಿ ಎಳೆಯುವುದಲ್ಲ, ಪಟ ಎತ್ತ ಹೋಗಬೇಕೋ ಅತ್ತ ಕೈಯನ್ನು ಒಯ್ಯಬೇಕು ಎಂದು ಕೈ ಎತ್ತಿ ತೋರಿಸಿದರು. ತೋರಿಸುತ್ತ ತೋರಿಸುತ್ತ ಅವರ ಕೈ ಅಲ್ಲೇ ನಿಂತಿತು.

"ಮೇಡಂ," ಅಂದರು ನಿಧಾನವಾಗಿ. "ಆ ಮೀಸಿ ಜಗ್ಗೂದೂ ಹಿಂಗ ಏನ್ರಿ? ಕೈ ಇಲ್ಲಿ, ಪಟ ಅಲ್ಲಿ?"

"ಹೌದು ಸಾಹೇಬ್ರೇ. ಅಷ್ಟೇ."

"ಇದನ್ನ ಮೊದ್ಲ ಹೇಳೂದಲ್ರೀ," ಅಂದರು, ನಾನೇ ಬಚ್ಚಿಟ್ಟುಕೊಂಡಿದ್ದೆನೇನೋ ಎಂಬಂತೆ. ಕರೆಂಟು ಬರುವ ತನಕ ಅವರು ಗೂಡಿನ ಬಾಗಿಲಲ್ಲೇ ನಿಂತಿದ್ದರು.

ಅಲ್ಲಿಂದ ಮುಂದೆ ಎಲ್ಲ ಸರಾಗವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಂದುಗಳು ಕಡಿಮೆಯಾದವು, ಗೆರೆ ಕುಂಟುವುದು ನಿಂತಿತು, ತಪ್ಪಾದ ಬಿಂದುವನ್ನು ಅಳಿಸದೆ ಸರಿಸುವುದೂ ಬಂತು. ಆದರೆ ತುಂಬಾ ನಿಧಾನ. ವಿಜಯ್ ಒಂದು ಲೇಬಲ್ಲು ಮುಗಿಸುವ ಹೊತ್ತಿಗೆ ಅವರ ರಿಬ್ಬನ್ನಿನ ಮೊದಲ ಮಡಿಕೆ ಮುಗಿದಿರುತ್ತಿತ್ತು. ಹೂವು, ಎಲೆಗಳಿಗಂತೂ ಅವರು ಕೈಯೇ ಹಾಕಿರಲಿಲ್ಲ. ಪರೀಕ್ಷೆಯಲ್ಲಿ ಅವೂ ಬೇಕಿದ್ದವು.

ಪರೀಕ್ಷೆಗೆ ಕೊಟ್ಟದ್ದು ದಾಸವಾಳದ ಎಣ್ಣೆಯ ಹೊಸ ಲೇಬಲ್ಲು. ಸುತ್ತ ಜೋಡಿ ಚೌಕಟ್ಟು, ಮಧ್ಯೆ ಅಂಕುಡೊಂಕಾಗಿ ಹಾರುವ ರಿಬ್ಬನ್ನು, ಕೆಳಗೆ ಹೂವು ಮತ್ತು ಎಲೆ. ಎರಡೇ ಮಷೀನು, ಆದ್ದರಿಂದ ಮೊದಲು ಸಾಹೇಬರು ಮತ್ತು ಶೆಟ್ಟಿಗಾರರು, ಆಮೇಲೆ ವಿಜಯ್ ಎಂದು ನಾನು ಹೇಳಿದೆ. ಮ್ಯಾನೇಜರ್ ಮಧ್ಯಾಹ್ನ ಬಂದು ಪ್ರಿಂಟ್ ನೋಡುವವರಿದ್ದರು.

ಶೆಟ್ಟಿಗಾರರು ಚೌಕಟ್ಟು ಹಾಕಿ ಮುಗಿಸಿದವರೇ ಎದ್ದು ನಿಂತರು.

"ಏಳಿ ಸಾಹೇಬ್ರೇ. ನಿಮ್ಮದರ ಚೌಕಟ್ಟು ಹಾಕ್ತೇನೆ. ನೀವು ಅಲ್ಲಿ, ನನ್ನದರಲ್ಲಿ ರಿಬ್ಬನ್ ಹಾಕಿ."

ಸಾಹೇಬರಿಗೆ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ವಿಜಯ್ ಮೆಲ್ಲಗೆ ಹೇಳಿದ. "ಟೇಬಲ್ ಮೇಲೆ ಹೇಗೆ ಮಾಡ್ತಿದ್ವಿ ಚಾಚಾ, ಹಾಗೇ, ವೈಸೇಹೀ. ಬಾರ್ಡರ್ ಅವರದು, ಕರ್ವ್ ನಿಮ್ಮದು, ಫೂಲ್-ಪತ್ತಿ ನಂದು. ಮೂರಕ್ಕೂ."

"ಪರೀಕ್ಷಾದಾಗ ಹಿಂಗ ಮಾಡೂದು ಸರಿ ಅಲ್ಲೋ."

"ಟೇಬಲ್ ಮೇಲೆ ಕರ್ವ್ ನಾನು ಯಾವತ್ತು ಮಾಡಿದೀನಿ, ಬೋಲೋ ನಾ. ನನ್ನ ಪೇಪರಲ್ಲಿ ಕರ್ವ್ ಯಾರು ಮಾಡ್ಬೇಕು?"

ಸಾಹೇಬರು ನನ್ನತ್ತ ನೋಡಿದರು. ಬೇಡ ಎಂದು ಒಂದು ಮಾತು ನಾನು ಹೇಳಿದ್ದರೆ ಅಲ್ಲಿಗೆ ನಿಂತುಹೋಗುತ್ತಿತ್ತು. ನಾನು ಗಾಜಿನಾಚೆ ಮಳೆ ಹೇಗಿದೆ ಎಂದು ನೋಡಲು ತಿರುಗಿದೆ. ಇವತ್ತು ಕೇಳಿದರೂ ತಿರುಗುತ್ತೇನೆ. ಆ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಬಿಡಿಸಿ ತೂಗುವುದು ಮ್ಯಾನೇಜರಿಗೆ ಬೇಕಿತ್ತು, ಆದರೆ ಅವರು ಎಂದೂ ಬಿಡಿಬಿಡಿಯಾಗಿ ಕೆಲಸ ಮಾಡಿದವರೇ ಅಲ್ಲ.

ವಿಜಯ್ ಹಾಕಿದ ಪಣ ಸಣ್ಣದಾಗಿರಲಿಲ್ಲ. ರಿಬ್ಬನ್ನು ಕೆಟ್ಟರೆ ಮೂರೂ ಕೆಡುತ್ತಿದ್ದವು. ಒಂದನ್ನು ಎಳೆದು ಉಳಿದೆರಡಕ್ಕೆ ಕಾಪಿ ಮಾಡಿ ಎಂದು ಶೆಟ್ಟಿಗಾರರು ಸೂಚಿಸಿದರು. ಸಾಹೇಬರು ತಲೆ ಅಲ್ಲಾಡಿಸಿದರು. ಮೂರು ಹಾಳೆಯೆಂದರೆ ಮೂರು ಸಲ ಎಳೆಯಬೇಕು, ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮೊದಲನೆಯ ರಿಬ್ಬನ್ನಿಗೆ ಬಿಂದುಗಳು ಒಂದೆರಡು ಹೆಚ್ಚಾದವು. ಎರಡನೆಯದರಲ್ಲಿ ಅವನ್ನೂ ತೆಗೆದರು. ಮೂರನೆಯದನ್ನು ಎಳೆಯುವಾಗ ಅವರ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಏನನ್ನೂ ತಿರುಗಿಸಲಿಲ್ಲ. ವಿಜಯ್ ಕೊನೆಗೆ ಕೂತು ಮೂರಕ್ಕೂ ಹೂವು, ಎಲೆ ಹಾಕಿ ಎದ್ದ. ಮ್ಯಾನೇಜರ್ ಬರುವಾಗ ಪ್ರಿಂಟರಿನಿಂದ ಮೂರನೆಯ ಹಾಳೆ ಹೊರಬರುತ್ತಿತ್ತು.

ಅವರು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ತುಂಬಾ ಹೊತ್ತು ನೋಡಿದರು. ಯಾವುದು ಯಾರದು ಎಂದು ಕೇಳಿದರು. ಮೂರೂ ಮೂವರದು ಸರ್, ಎಂದೆ ನಾನು. ಅವರು ದಡ್ಡರಲ್ಲ. ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು, ಸಣ್ಣಗೆ ನಕ್ಕರು. ಬೈಯುತ್ತಾರೆಂದು ಕಾದಿದ್ದ ನನಗೆ ಆ ನಗು ಕಂಡು ಎದೆ ಹಗುರಾಯಿತು. ಎಲ್ಲ ಸರಿಹೋಯಿತು ಅಂದುಕೊಂಡೆ.

"ಮೂವರೂ ಪಾಸು," ಎಂದರು ಹಿಂದಿಯಲ್ಲಿ. "ಆದರೆ ಕುರ್ಚಿ ಎರಡೇ. ಸರಿಸಮಾನರಾದರೆ ಕಂಪನಿಯ ರೂಲು ಇದ್ದೇ ಇದೆ. ಕೊನೆಗೆ ಸೇರಿದವರು ಮೊದಲು ಹೊರಗೆ."

ಕೊನೆಗೆ ಸೇರಿದವನು ವಿಜಯ್.

ಆ ಸಂಜೆ ವಿಕ್ರೋಳಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಾನು ಅವನ ಕೊಡೆಯ ಪಕ್ಕ ಕೊಡೆ ಹಿಡಿದು ನಡೆದೆ. ಅನ್ಯಾಯ ಎಂದೆ, ನಾಳೆಯೇ ಮ್ಯಾನೇಜರ್ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳುತ್ತೇನೆ ಎಂದೆ.

"ಮತ್ ಬೋಲನಾ ಮೇಡಮ್, ಏನೂ ಹೇಳ್ಬೇಡಿ. ನಂಗೆ ಮೊದಲೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ರೂಲ್. ಅಪಾಯಿಂಟ್‌ಮೆಂಟ್ ಆದಾಗಲೇ ಹೇಳಿದ್ರು. ಮೂರೂ ಸೇಮ್ ಬಂದ್ರೆ ನಾನೇ ಹೋಗೋದು." ನೀರು ತುಂಬಿದ ಗುಂಡಿಯೊಂದನ್ನು ಅವನು ದಾಟಿದ, ನನಗೂ ಕೈ ತೋರಿಸಿದ. "ನಂಗೆ ಮೌಸ್ ಬರುತ್ತೆ. ಎಲ್ಲಾದ್ರೂ ಕೂತ್ಕೋತೀನಿ. ಚಾಚಾಗೆ ಈ ಏಜಲ್ಲಿ ಕರ್ವ್ ಮಾಡೋಕೆ ಯಾರು ಕುರ್ಚಿ ಕೊಡ್ತಾರೆ?"

ರೈಲಿನಲ್ಲಿ ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತು ಅತ್ತೆ. ಒಂದೇ ಸ್ಟೇಷನ್ ಆದ್ದರಿಂದ ಅಳುವುದಕ್ಕೂ ಪುರುಸೊತ್ತಾಗಲಿಲ್ಲ.

ಗೋಡೌನಿಗೆ ಅವನು ಹೋಗಲಿಲ್ಲ, ರಾಜೀನಾಮೆ ಕೊಟ್ಟ. ಪರ್ಮನೆಂಟ್ ಕೆಲಸ ಬಿಟ್ಟನೆಂದು ಅವನ ತಾಯಿ ಎಷ್ಟೋ ದಿನ ಅವನೊಡನೆ ಮಾತಾಡಲಿಲ್ಲವಂತೆ. ಒಂದು ಮದುವೆಯ ಮಾತುಕತೆಯೂ ಅಲ್ಲಿಗೇ ನಿಂತಿತು. ಮುಂದೆ ಘಾಟ್ಕೋಪರಿನ ಒಂದು ಅಂಗಡಿಯ ಅಟ್ಟದ ಮೇಲೆ, ತಲೆ ಎತ್ತಿದರೆ ತಗಡು ಬಡಿಯುವಂಥ ಜಾಗದಲ್ಲಿ, ಲಗ್ನಪತ್ರಿಕೆಗಳಿಗೆ ಹೂವು-ಎಲೆ ಬಿಡಿಸುತ್ತ ಅವನು ವರ್ಷಗಳನ್ನು ಕಳೆದ. ಎಲ್ಲಾದರೂ ಕೂತುಕೊಳ್ಳುತ್ತೇನೆ ಎಂದವನು ಹಾಗೆಯೇ ಕೂತ. ಸುಖವಾಗಿದ್ದನೆಂದು ನಾನು ಹೇಳಲಾರೆ. ಪಶ್ಚಾತ್ತಾಪದ ಮಾತಂತೂ ಅವನ ಬಾಯಿಂದ ಕೇಳಲಿಲ್ಲ.

ಕಾರ್ಖಾನೆಯಲ್ಲಿ ಅವನ ಕೊನೆಯ ದಿನವೇ ನನ್ನ ಕೊನೆಯ ದಿನವೂ ಆಗಿತ್ತು. ಆ ವೇಳೆಗೆ ಸಾಹೇಬರಿಗೆ ಎಲ್ಲ ತಿಳಿದಿತ್ತು, ರೂಲು ಗೊತ್ತಿದ್ದೇ ವಿಜಯ್ ಹಾಗೆ ಮಾಡಿದ್ದೂ. ಯಾರು ಹೇಳಿದರೋ, ನಾನಂತೂ ಹೇಳಿರಲಿಲ್ಲ. ಅವರು ಬೆಳಿಗ್ಗೆಯಿಂದ ವಿಜಯ್‌ನ ಮುಖ ನೋಡಿರಲಿಲ್ಲ. ಶೆಟ್ಟಿಗಾರರು ಪೇಡೆ ಹಂಚಿದರು, ಸಾಹೇಬರು ತಮ್ಮ ಪಾಲಿನದನ್ನು ಮುಟ್ಟದೆ ಮೇಜಿನ ಮೇಲಿಟ್ಟರು. ವಿಜಯ್ ಚೀಲ ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಅವರು ಮಾತಾಡಿದರು.

"ನೀ ಹೋಗ್ತಿ. ಆ ಕುರ್ಚಿ ಮ್ಯಾಲ ದಿನಾ ನಾ ಕುಂದ್ರಬೇಕಲ್ಲೋ."

"ಕೂತ್ಕೋಬೇಕು ಅಂತಾನೇ ಚಾಚಾ," ಅಂದ ವಿಜಯ್. ಆ ಒಂದು ಮಾತಿನಲ್ಲಿ ಹಿಂದಿ ಬೆರೆಯಲಿಲ್ಲ.

ಸಾಹೇಬರು ಅವನನ್ನು ಅಪ್ಪಿಕೊಳ್ಳುತ್ತಾರೆಂದು ನಾನು ಕಾದೆ, ಬೈಯುತ್ತಾರೆಂದೂ ಕಾದೆ. ಅವರು ಎರಡನ್ನೂ ಮಾಡಲಿಲ್ಲ. ಚಪ್ಪಲಿ ಬಿಟ್ಟು ಗಾಜಿನ ಗೂಡಿನೊಳಗೆ ಹೋಗಿ ಕುರ್ಚಿಯಲ್ಲಿ ಕೂತು, ಮೌಸಿನ ಮೇಲೆ ಕೈ ಇಟ್ಟು, ತಿರುಗಿ ನೋಡದೆ ಹೇಳಿದರು.

"ಹೂ, ಎಲಿ ನಿನ್ನ ಪಾಲಿಂದಿತ್ತು. ನಾಳಿಂದ ನಾನ ತಗೀಬೇಕು. ಹೆಂಗ ತಗೀತಿದ್ದಿ, ಕಲಿಸಿ ಹೋಗು."

ವಿಜಯ್ ಹೆಗಲಿನ ಚೀಲ ಕೆಳಗಿಟ್ಟ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸಾಹೇಬರ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡ.